ಮುಂದಿನ ರವಿವಾರದವರ ಸನ್ನಿಧಾನಕ್ಕೆ, ಒಂದು ಸ್ಟೀಲ್ ಡಬ್ಬಿಯ ವಿಷಯವಾಗಿ

ಗೆ,
ಶ್ರೀಮಾನ್ ಮುಂದಿನ ರವಿವಾರದವರು,
ಇಂದಿನಿಂದ ಯಾವಾಗಲೂ ಒಂದು ವಾರದ ಆಚೆ.

ವಿಷಯ: ತಮ್ಮನ್ನು ನಂಬಿ ಎರಡು ವರ್ಷ ಕಾದದ್ದರ ಬಗ್ಗೆ.
ಉಲ್ಲೇಖ: ನಾನೂ ನನ್ನ ಗೆಳತಿಯೂ ತಮ್ಮ ಹೆಸರಿನಲ್ಲಿ ಕೊಟ್ಟುಕೊಂಡ ಎಲ್ಲ ಮಾತುಗಳು.

ಮಾನ್ಯರೇ,

ಸದಾ ಬರಲಿರುವವರೂ, ಎಂದೂ ಬಾರದವರೂ, ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಮೂವತ್ತರ ಆಸುಪಾಸಿನ ಸಕಲರ ಗೆಳೆತನಗಳಿಗೆ ಏಕಮಾತ್ರ ಉಸ್ತುವಾರಿ ಅಧಿಕಾರಿಗಳೂ ಆದ ತಮಗೆ ನವನಗರದ ಸೌಂದರ್ಯಾ ಎಂಬ ಇಪ್ಪತ್ತೊಂಬತ್ತರ ಪ್ರಾಯದ ಹೆಣ್ಣುಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿರುವುದಕ್ಕೆ ಕ್ಷಮೆ ಕೇಳಬೇಕಾಗಿತ್ತು, ಆದರೆ ತಮ್ಮ ಬಳಿ ಇರುವುದೆಲ್ಲ ನಮ್ಮಿಂದ ತೆಗೆದುಕೊಂಡ ಸಮಯವೇ ಆದ್ದರಿಂದ ಆ ವಾಡಿಕೆಯನ್ನು ಇಲ್ಲಿ ಬಿಟ್ಟಿದ್ದೇನೆ. ನಾನು ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ಗುಮಾಸ್ತೆ. ಬಂದ ಕಾಗದಕ್ಕೆ ಒಂದು ನಂಬರು, ಹೋದ ಕಾಗದಕ್ಕೆ ಒಂದು ನಂಬರು ಹಾಕುವುದು ನನ್ನ ಕೆಲಸ. ನಮ್ಮಲ್ಲಿ ಕಾಗದ ಎಷ್ಟು ದಿನ ಕೊಳೆತರೂ ಅದು ಯಾರ ಮೇಜಿನ ಮೇಲೆ ಕೊಳೆಯುತ್ತಿದೆ ಎಂದು ಹೇಳಬಹುದು. ತಮ್ಮ ಕಚೇರಿಯಲ್ಲಿ ಆ ಸೌಲಭ್ಯವೂ ಇಲ್ಲದಿರುವುದನ್ನು ಕಂಡು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ದೂರು ಇಷ್ಟೇ. ನನ್ನ ಗೆಳತಿ ತಸ್ಲೀಮಾ ಗಬ್ಬೂರಿನಲ್ಲಿದ್ದಾಳೆ, ನಾನು ನವನಗರದಲ್ಲಿದ್ದೇನೆ. ನಡುವೆ ಸಮುದ್ರವಿಲ್ಲ, ಗಡಿಯಿಲ್ಲ, ಯಾರೂ ಯಾರನ್ನೂ ತಡೆದಿಲ್ಲ. ಎರಡು ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ಈ ಒಂದು ತಾಸನ್ನು ನಾವಿಬ್ಬರೂ ಎರಡು ವರ್ಷದಿಂದ ತಮ್ಮ ದಿವ್ಯ ಹಸ್ತಕ್ಕೆ ಒಪ್ಪಿಸುತ್ತ ಬಂದಿದ್ದೇವೆ, ತಾವು ಒಮ್ಮೆಯೂ ಬೇಡವೆನ್ನದೆ ನುಂಗುತ್ತ ಬಂದಿದ್ದೀರಿ.

ತಮ್ಮ ಔದಾರ್ಯವನ್ನು ಹೊಗಳದೆ ಮುಂದೆ ಹೋದರೆ ನನಗೆ ಕೃತಘ್ನತೆಯ ದೋಷ ಬಂದೀತು. ಪಾಪದ ಸೋಮವಾರ ಕರೆಯದಿದ್ದರೂ ಬರುತ್ತದೆ, ಬಂದು ಬೈಸಿಕೊಳ್ಳುತ್ತದೆ. ಈ ವಾರದ ರವಿವಾರವಂತೂ ತಮ್ಮ ಹೆಸರಿಟ್ಟುಕೊಂಡ ಒಬ್ಬ ಕೆಲಸಕ್ಕೆ ಬಾರದ ತಮ್ಮ, ಬಂದವನೇ ಅರಿವೆ ಒಗೆಯಲು, ಹಿಟ್ಟು ಹಾಕಿಸಲು, ಯಾರದೋ ಗೃಹಪ್ರವೇಶಕ್ಕೆ ಓಡಾಡಲು ಹತ್ತಿ ಸಂಜೆಗೆ ಮಕಾಡೆ ಮಲಗುತ್ತಾನೆ. ತಾವು ಹಾಗಲ್ಲ. ಬಾರದೆ ಇರುವುದರಿಂದ ತಮ್ಮ ಮರ್ಯಾದೆಗೆ ಇಂದಿಗೂ ಕುಂದು ಬಂದಿಲ್ಲ. ಊರಿನಲ್ಲಿ ಯಾರು ಯಾರಿಗೆ ಬೇಕಾದರೂ ತಮ್ಮನ್ನು ಧಾರಾಳವಾಗಿ ದಾನ ಮಾಡಬಹುದು, ಕೊಟ್ಟವನ ಕೈಯಿಂದ ಏನೂ ಹೋಗುವುದಿಲ್ಲ, ಪಡೆದವನ ಕೈಗೆ ಏನೂ ಬರುವುದಿಲ್ಲ. ಇಂಥ ಸರಳ ಆಡಳಿತವನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಸ್ಲೀಮಾಳನ್ನು ತಮಗೆ ಪರಿಚಯಿಸುವುದು ನನ್ನ ಕರ್ತವ್ಯ, ಏಕೆಂದರೆ ಆಕೆಯ ಹೆಸರನ್ನು ತಾವು ಇಷ್ಟು ಸಲ ಕೇಳಿಯೂ ಮುಖ ನೋಡಿಲ್ಲ. ಮದುವೆಗೆ ಮುಂಚೆ ನಾನು ಉಣಕಲ್ಲಿನಲ್ಲಿದ್ದೆ, ಆಕೆ ಹಳೇ ಹುಬ್ಬಳ್ಳಿಯಲ್ಲಿದ್ದಳು. ಇಬ್ಬರೂ ಧಾರವಾಡದ ಒಂದು ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆವು. ಆಕೆ ಮೊದಲು ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ಚೀಲವಿಟ್ಟು, ಕೇಳಿದವರಿಗೆಲ್ಲ "ಸೀಟ್ ಹಿಡದೇನ್ರಿ ಕಾಕಾ, ಉಣಕಲ್ಲಾಗ ನಮ್ಮ ಅಕ್ಕಾ ಹತ್ತತಾಳ, ಕಾಲ ಮುರದೈತಿ" ಎಂದು ಹೇಳುತ್ತಿದ್ದಳು. ಆಕೆಯ ಈ ಮಾತಿನ ಮಾನ ಉಳಿಸಲು ನಾನು ಮೂರು ವರ್ಷ ಕುಂಟುತ್ತ ಬಸ್ಸು ಹತ್ತಿದೆ. ಕೂತ ಮೇಲೆ ನಾವು ಏನು ಮಾತಾಡುತ್ತಿದ್ದೆವೆಂದು ಯಾರಾದರೂ ಕೇಳಿದರೆ ಒಂದೂ ನೆನಪಿಲ್ಲ. ಕೆಲಸದ ಮಾತು ಒಂದೂ ಇರಲಿಲ್ಲ ಎಂಬುದು ಮಾತ್ರ ಖರೆ. ಆಗ ತಾವು ಯಾರೆಂದೇ ನಮಗೆ ಗೊತ್ತಿರಲಿಲ್ಲ. ರವಿವಾರವೆಂದರೆ ನಾವಿಬ್ಬರೂ ಸಿಗದೇ ಇರುವ, ಯಾವಾಗ ಮುಗಿದೀತೋ ಎನಿಸುವ ದಿನವಾಗಿತ್ತು.

ಆಮೇಲೆ ಒಂದೇ ವರ್ಷ ಇಬ್ಬರ ಮದುವೆಯೂ ಆಯಿತು. ನನ್ನ ಗಂಡ ರಾಜಶೇಖರನಿಗೆ ನವನಗರದಲ್ಲಿ ಮನೆ, ಆಕೆಯ ಗಂಡ ಅಸದನಿಗೆ ಗಬ್ಬೂರಿನ ಬೈಪಾಸಿನಲ್ಲಿ ಲಾರಿ ರಿಪೇರಿಯ ಗ್ಯಾರೇಜು. ಈ ವಯಸ್ಸಿನಲ್ಲಿ ಗೆಳೆತನ ತಣ್ಣಗಾಗುವುದು ಸಹಜ, ನೌಕರಿ, ಸಂಸಾರ, ಜವಾಬ್ದಾರಿ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ಅವರ ಬಾಯಿಗೆ ಸಕ್ಕರೆ ಹಾಕಬೇಕು, ಆಗಲಾದರೂ ಸುಮ್ಮನಾದಾರು. ನನ್ನ ಅನುಭವದಲ್ಲಿ ನಾವು ದೂರವಾದದ್ದು ಜವಾಬ್ದಾರಿಯಿಂದಲ್ಲ. ನಾವು ಸಂಭಾವಿತರಾದೆವು. ಆಕೆಗೆ ತೊಂದರೆಯಾಗಬಾರದೆಂದು ನಾನು ಫೋನು ಹಚ್ಚಲಿಲ್ಲ, ನನಗೆ ತೊಂದರೆಯಾಗಬಾರದೆಂದು ಆಕೆ ಹಚ್ಚಲಿಲ್ಲ. ಹೀಗೆ ಒಬ್ಬರಿಗೊಬ್ಬರು ತೊಂದರೆಯನ್ನೇ ಕೊಡದಷ್ಟು ದೊಡ್ಡವರಾದೆವು.

ಇನ್ನು ಡಬ್ಬಿಯ ವಿಷಯ. ಎರಡು ರಂಜಾನಿನ ಹಿಂದೆ ತಸ್ಲೀಮಾ ನಮ್ಮ ಮನೆಗೆ ಬಂದು ಒಂದು ಸ್ಟೀಲ್ ಡಬ್ಬಿಯ ತುಂಬ ಸುರಕುಂಬಾ ಕೊಟ್ಟುಹೋದಳು. ಹಾಲು, ಶಾವಿಗೆ, ಉತ್ತತ್ತಿ ಹಾಕಿ ಕುದಿಸಿದ ಆ ಪಾಯಸವನ್ನು ನಾನೂ ರಾಜಶೇಖರನೂ ಅವತ್ತೇ ಬಳಿದು ತಿಂದೆವು. ತಿಂದದ್ದು ಸುಲಭವಾಯಿತು, ಡಬ್ಬಿ ಉಳಿಯಿತು. ತಾವು ಈ ಭಾಗದ ಅಧಿಕಾರಿಗಳೇ ಆಗಿರುವುದರಿಂದ, ತುಂಬಿ ಬಂದ ಡಬ್ಬಿಯನ್ನು ಬರಿದೇ ತಿರುಗಿಸಬಾರದೆಂಬ ನಮ್ಮ ಕಡೆಯ ಪದ್ಧತಿ ತಮಗೆ ತಿಳಿದಿರಬೇಕು. ಏನಿಲ್ಲದಿದ್ದರೂ ಒಂದು ಹಿಡಿ ಸಕ್ಕರೆ ಹಾಕಿ ಕೊಡಬೇಕು. ನನಗೋ ಒಂದು ಹಿಡಿ ಸಕ್ಕರೆ ಸಾಲಲಿಲ್ಲ. ಮೂರು ವರ್ಷ ನನ್ನ ಸಲುವಾಗಿ ಸೀಟು ಹಿಡಿದ ಹುಡುಗಿಗೆ ಸಕ್ಕರೆ ಕೊಡುವುದೆಂದರೇನು, ನನ್ನ ಕೈಯಾರೆ ಶೇಂಗಾದ ಹೋಳಿಗೆ ಮಾಡಿ ತುಂಬಿಸಿಕೊಂಡು ಹೋಗಬೇಕೆಂದು ಮನಸ್ಸು ಹಟ ಹಿಡಿಯಿತು. ಹೋಳಿಗೆಗೆ ಪುರಸೊತ್ತು ಬೇಕು, ಪುರಸೊತ್ತಿಗೆ ತಾವು ಬೇಕು. ಹೀಗೆ ನಾನು ತಮ್ಮ ಬಾಗಿಲಿಗೆ ಬಂದೆ.

ಮೊದಲ ಸಲ ಶೇಂಗಾ ಹುರಿದು ಸಿಪ್ಪೆ ತೆಗೆದು ಇಟ್ಟಿದ್ದೆ. ಅಷ್ಟರಲ್ಲಿ ರಾಜಶೇಖರನ ಸೋದರತ್ತೆ ಸತ್ಯವ್ವ ಹೇಳದೇ ಕೇಳದೇ ಬಂದು ಎರಡು ದಿನ ಉಳಿದರು. ಶೇಂಗಾ ಚಟ್ನಿಪುಡಿಯಾಗಿ ಅವರ ಚೀಲ ಸೇರಿತು. ಇನ್ನೊಮ್ಮೆ ಅಸದನ ಗ್ಯಾರೇಜಿಗೆ ಒಮ್ಮೆಲೆ ಮೂರು ಲಾರಿ ಬಂದವು, ಮತ್ತೊಮ್ಮೆ ಆಕೆಯ ಅತ್ತೆ ತಾಜಬಿಯವರ ಮೊಣಕಾಲು ಬಾತಿತು. ಆಮೇಲೆ ಕಾರಣಗಳು ಬಡವಾಗುತ್ತ ಹೋದವು, ಬಿಸಿಲು ಭಾಳ ಐತಿ, ಮಳಿ ಬರೂ ಹಂಗೈತಿ, ತಲಿ ಒಂಚೂರು ಭಾರ ಆಗೇತಿ. ತಮ್ಮ ಮುಂದೆ ಸುಳ್ಳು ಹೇಳಿ ಏನಾಗಬೇಕು, ಎಷ್ಟೋ ಸಲ ಯಾವ ಕಾರಣವೂ ಇರಲಿಲ್ಲ. ನಾನು ದಿವಾನದ ಮೇಲೆ ಬಿದ್ದುಕೊಂಡು, ಕಂಡು ಕೇಳರಿಯದ ಹೆಂಗಸರು ಅಡುಗೆಮನೆ ಒರೆಸುವುದನ್ನು ಮೊಬೈಲಿನಲ್ಲಿ ಸಂಜೆತನಕ ನೋಡಿದ್ದೇನೆ. ಡಬ್ಬಿ ಅಲ್ಲೇ ಎದುರಿನ ಕಪಾಟಿನಲ್ಲಿ ಬೋರಲು ಬಿದ್ದಿತ್ತು.

ಅಷ್ಟರಲ್ಲಿ ನಮ್ಮ ಪತ್ರವ್ಯವಹಾರ ಎಂಥ ಉನ್ನತ ಮಟ್ಟ ಮುಟ್ಟಿತೆಂದರೆ, ಅದರ ಯಥಾಪ್ರತಿಯನ್ನು ತಮ್ಮ ಅವಗಾಹನೆಗೆ ಇಲ್ಲಿ ಲಗತ್ತಿಸುತ್ತಿದ್ದೇನೆ. ನಾನು: "ಹೆಂಗದೀ?" ಆಕೆ: "ಆರಾಮ. ನೀ?" ನಾನು: "ಆರಾಮ. ಸಿಗೂಣು." ಆಕೆ: "ಹೂಂ, ಮುಂದಿನ ರವಿವಾರ." ನಾನು: "ಪಕ್ಕಾ." ಇದನ್ನೇ ತಿಂಗಳಿಗೆ ಎರಡು ಸಲ ಜಾಗ ಅದಲುಬದಲು ಮಾಡಿ ಬರೆದುಕೊಂಡಿದ್ದೇವೆ. ಕಚೇರಿಯಲ್ಲಿ ನಾನು ಇಂಥ ಕಾಗದಕ್ಕೆ ನಂಬರು ಕೂಡ ಹಾಕುವುದಿಲ್ಲ. ಈ ಪಕ್ಕಾ ಎಂಬ ಮಾತನ್ನು ಕಂಡುಹಿಡಿದ ಮಹಾನುಭಾವರು ತಮ್ಮ ಇಲಾಖೆಯವರೇ ಇರಬೇಕು, ಏಕೆಂದರೆ ನಿಜವಾಗಿ ಬರುವವರು ಯಾರೂ ಅದನ್ನು ಬಳಸುವುದನ್ನು ನಾನು ನೋಡಿಲ್ಲ.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಇಲ್ಲಿಂದ ಮುಂದೆ ವಿನಯ ಎಲ್ಲಿಯಾದರೂ ಜಾರಿದರೆ ತಾವು ದೊಡ್ಡ ಮನಸ್ಸು ಮಾಡಬೇಕು.

ನವರಾತ್ರಿ ಮುಗಿದ ಮೇಲೆ ದುರ್ಗದಬೈಲಿನ ಬಳೆ ಅಂಗಡಿಯಲ್ಲಿ ಆರತಿ ಸಿಕ್ಕಳು. ನಮ್ಮಿಬ್ಬರ ಜೊತೆಗೇ ಓದಿದವಳು. ಬಳೆ ಏರಿಸಿಕೊಳ್ಳುತ್ತಲೇ, "ತಸ್ಲೀಮಾಗ ನೋಡಿ ಬಂದೀ ಏನ? ಈಗ ಒಂಚೂರು ಸುಧಾರಿಸ್ಯಾಳ" ಎಂದಳು. ಏನಾಗಿತ್ತೆಂದು ನಾನು ಕೇಳುವಂತಿರಲಿಲ್ಲ, ಕೇಳಿದರೆ ನನಗೆ ಗೊತ್ತಿಲ್ಲವೆಂದು ಗೊತ್ತಾಗುತ್ತಿತ್ತು. ಆರತಿಯೇ ಹೇಳಿದಳು: "ಐದು ತಿಂಗಳಾಗಿತ್ತವಾ. ಪಂಚಮಿ ಮುಂದ ಹೋತು. ನಾಕು ದಿನಾ ದವಾಖಾನ್ಯಾಗ ಇದ್ಲು. ನೀ ಅಂತೂ ಬಾಜೂಕ ಇದ್ದಿರಬೇಕಲ್ಲ, ನಿನ್ನ ಮ್ಯಾಲ ಆಕಿಗ ಭಾಳ ಜೀವಾ." ಹೌದು, ಹೋಗಿ ಬಂದೆ, ಎಂದು ನಾನು ಹೇಳಿದೆ. ಮಾನ್ಯರೇ, ನಾನು ಹಾಗೆ ಹೇಳಿದೆ. ಹೋಗಿಬಿಟ್ಟ ಆ ಕೂಸನ್ನು ಆಕೆ ಐದು ತಿಂಗಳು ಹೊತ್ತದ್ದೇ ನನಗೆ ಗೊತ್ತಿರಲಿಲ್ಲ, ಬಳೆ ಅಂಗಡಿಯಲ್ಲಿ ನಿಂತು ಆರೈಕೆ ಮಾಡಿ ಬಂದವಳ ಮುಖ ಮಾಡಿದೆ.

ಮನೆಗೆ ಬಂದು ಮೊಬೈಲು ತೆಗೆದು ಪಂಚಮಿಯ ದಿನದ ಸಂದೇಶ ಹುಡುಕಿದೆ. ಆ ದಿನ ಬೆಳಿಗ್ಗೆ ನಾನು ಆಕೆಗೆ ಪಂಚಮಿ ಉಂಡಿಗಳ ಫೋಟೋ ಕಳಿಸಿದ್ದೆ. ಶೇಂಗಾದ್ದು, ಎಳ್ಳಿನದ್ದು, ರವೆಯದ್ದು, ತಟ್ಟೆಯಲ್ಲಿ ಚಂದಾಗಿ ಜೋಡಿಸಿ. ಕೆಳಗೆ ಬರೆದದ್ದು: "ನಿನ್ನ ಪಾಲ ತಗದ ಇಟ್ಟೇನಿ. ಮುಂದಿನ ರವಿವಾರ ಪಕ್ಕಾ ತರ್ತೇನಿ. ಹೆಂಗದೀ?" ಆಕೆ ದವಾಖಾನೆಯ ಮಂಚದ ಮೇಲಿಂದ ಉತ್ತರ ಬರೆದಿದ್ದಳು: "ಆರಾಮ." ನನಗೆ ಅದು ಓದಿದ ಕೂಡಲೇ ಸಮಾಧಾನವಾಗಿದ್ದದ್ದೂ ನೆನಪಾಯಿತು. ತೆಗೆದಿಟ್ಟ ಉಂಡಿಗಳನ್ನು ಎಂಟು ದಿನ ಬಿಟ್ಟು ಮೆತ್ತಗಾದವೆಂದು ನಾನೇ ತಿಂದಿದ್ದೆ.

ಹೀಗಾಗಿ ಮೊನ್ನೆ ಬುಧವಾರ ತಮ್ಮ ಅನುಮತಿ ಕೇಳದೆ ಅರ್ಧ ದಿನದ ರಜೆ ಹಾಕಿ, ಖಾಲಿ ಡಬ್ಬಿ ಚೀಲದಲ್ಲಿಟ್ಟುಕೊಂಡು ಗಬ್ಬೂರಿಗೆ ಹೋದೆ. ದಾರಿಯಲ್ಲಿ ಬಸ್ ನಿಲ್ದಾಣದ ಎದುರು ಪೇಢೆಯ ಅಂಗಡಿಯ ಮುಂದೆ ನಿಂತು, ಬೇಡವೆಂದು ಬಂದೆ. ಕೂಸು ಕಳೆದುಕೊಂಡವಳ ಮನೆಗೆ ಸಿಹಿ ಒಯ್ಯುವಷ್ಟು ಬುದ್ಧಿ ಇನ್ನೂ ಕೆಟ್ಟಿರಲಿಲ್ಲ.

ಬಾಗಿಲು ತೆಗೆದವರು ತಾಜಬಿ. ಒಳ್ಳೆಯ ಹೆಂಗಸು. "ಬರ್ರಿ ಬರ್ರಿ, ಒಳಗ ಕುಂದ್ರ ಬರ್ರಿ" ಎಂದು ನನ್ನನ್ನು ಸೋಫಾದ ಮೇಲೆ ಕೂಡಿಸಿ ಫ್ಯಾನು ಹಾಕಿದರು. ಮೊದಲೆಲ್ಲ ತಸ್ಲೀಮಾಳ ತವರುಮನೆಗೆ ಹೋದರೆ ನಾನು ನೆಟ್ಟಗೆ ಒಳಗೆ ನಡೆದು ಅಡುಗೆಮನೆಯ ನೆಲದ ಮೇಲೆ ಕೂಡುವವಳು, ಆಕೆಯ ತಾಯಿ ಗುಲ್ಜಾರಬಿ ನನ್ನ ಕೈಗೆ ಉಳ್ಳಾಗಡ್ಡಿ ಕೊಟ್ಟು ಹೆಚ್ಚಲು ಹಚ್ಚುವವರು. ಇಲ್ಲಿ ಗಾಜಿನ ಕಪಾಟಿನೊಳಗಿಂದ ಬಂಗಾರದ ಗೆರೆಯ ಕಪ್ಪುಬಸಿ ಇಳಿದವು, ತಟ್ಟೆಯಲ್ಲಿ ಬಿಸ್ಕೀಟು ಸುತ್ತಲೂ ಜೋಡಿಸಿಕೊಂಡು ಬಂದವು. ತಸ್ಲೀಮಾ ತಲೆ ಬಾಚಿಕೊಂಡು, ದುಪಟ್ಟಾ ಸರಿ ಮಾಡಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಬಾಡಿದ್ದಳು. "ರಾಜಶೇಖರ ಅವರು ಆರಾಮ ಅದಾರ? ಆಫೀಸ್ ಹೆಂಗ ನಡದೈತಿ?" ಎಂದು ಕೇಳಿದಳು. ಎರಡಕ್ಕೂ ನಾನು ಉತ್ತರ ಕೊಟ್ಟೆ.

ಆಮೇಲೆ ಡಬ್ಬಿ ತೆಗೆದು ಮುಂದಿಟ್ಟು, ಬರಿದೇ ತಂದದ್ದಕ್ಕೆ ಕ್ಷಮೆ ಕೇಳಿ, ಹೋಳಿಗೆ ಮಾಡಬೇಕೆಂದಿದ್ದ ಇಡೀ ಪುರಾಣ ಹೇಳಿದೆ. ಆಕೆ ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿ, "ಇದು ನಮ್ಮದೇನ? ನನಗ ಖರೇನ ನೆನಪಿಲ್ಲ" ಎಂದಳು. ಎರಡು ವರ್ಷ ನಾನು ಯಾವ ಮರ್ಯಾದೆ ಕಾಯುತ್ತ ಆಕೆಯ ಮುಖ ನೋಡದೆ ಕೂತಿದ್ದೆನೋ ಅದು ಆಕೆಯ ಲಕ್ಷ್ಯದಲ್ಲೇ ಇರಲಿಲ್ಲ. ಡಬ್ಬಿ ತಾಜಬಿಯವರ ಕೈ ಸೇರಿ ಒಳಗೆ ಹೋಯಿತು.

ನನಗೇಕೆ ಹೇಳಲಿಲ್ಲ ಎಂದು ಕೊನೆಗೆ ಕೇಳಿದೆ. ಆಕೆ ಸಿಟ್ಟು ಮಾಡಿಕೊಳ್ಳಲಿಲ್ಲ, ಅಳಲಿಲ್ಲ, ಯಾರೋ ಗಿರಾಕಿಗೆ ಲಾರಿ ಯಾವಾಗ ತಯಾರಾಗುತ್ತದೆಂದು ಹೇಳುವ ದನಿಯಲ್ಲಿ ಹೇಳಿದಳು: "ಹೇಳಬೇಕಂತ ಫೋನ್ ಕೈಯಾಗ ತಗೊಂಡಿದ್ದೆ. ನೀ ಆಫೀಸನ್ಯಾಗ ಇರ್ತಿ. ಹೇಳಾಕ ಹತ್ತಿದರ ಅಳು ಬರ್ತೈತಿ, ಒಂದೆರಡು ತಾಸಾರ ಬೇಕಾಗ್ತೈತಿ. ನಿನಗೂ ಪುರಸೊತ್ತ ಇರಲಿ, ರವಿವಾರ ಹಚ್ಚೋಣಂತ ಇಟ್ಟೆ." ಆಮೇಲೆ ಚಹಾ ಆರುತ್ತದೆ, ಕುಡಿ, ಎಂದಳು.

ಕೇಳಿದಿರಾ ಮಾನ್ಯರೇ. ಹೋಳಿಗೆಯಲ್ಲ, ಹರಟೆಯಲ್ಲ, ನನ್ನ ಗೆಳತಿ ತನ್ನ ಅಳುವನ್ನೂ ತಮ್ಮ ಕಚೇರಿಗೆ ಅರ್ಜಿ ಹಾಕಿ ಕಾದಳು. ತಾವು ಅದನ್ನೂ ತೆಗೆದುಕೊಂಡು ಇಟ್ಟುಕೊಂಡಿರಿ. ಎರಡು ತಿಂಗಳು ಆಕೆ ಯಾರ ಮುಂದೆ ಅತ್ತಳೋ ನನಗೆ ಗೊತ್ತಿಲ್ಲ, ನನ್ನ ಮುಂದಂತೂ ಅಳಲಿಲ್ಲ, ಇನ್ನು ಮೇಲೆ ಅಳುವ ಲಕ್ಷಣವೂ ಕಾಣಲಿಲ್ಲ. ಆಕೆ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಬಿಸ್ಕೀಟು ತಗೋ ಎಂದು ತಟ್ಟೆ ಮುಂದೆ ಸರಿಸಿದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ಪಾಲಿನ ತಪ್ಪನ್ನೂ ಮರೆಮಾಚಬಾರದು. ಬಸ್ಸಿನತನಕ ಕಳಿಸಲು ಬಂದವಳಿಗೆ, ಬಸ್ಸು ಬಂದ ಗಡಿಬಿಡಿಯಲ್ಲಿ, ನಾನು ಏನೆಂದೆ ಗೊತ್ತೇ? "ಮುಂದಿನ ರವಿವಾರ ನೀ ಬಾ ನಮ್ಮನಿಗೆ." ಅಷ್ಟೆಲ್ಲ ಕೇಳಿಸಿಕೊಂಡು ಬಂದ ಬಾಯಿಯಿಂದಲೇ ಅದು ಉದುರಿತು. ಆಕೆ "ನೋಡೂಣು, ಬರ್ತೇನಿ" ಎಂದು ನಕ್ಕಳು. ಆ ನಗೆ ನನಗೆ ಗೊತ್ತು, ಕಚೇರಿಗೆ ಬಂದವರನ್ನು ಸಾಗಹಾಕಲು ನಾನೂ ಅದನ್ನೇ ನಗುತ್ತೇನೆ. ಸಿ.ಬಿ.ಟಿ. ಬಸ್ ನಿಲ್ದಾಣದಲ್ಲಿ ಇಳಿದು ಎರಡನೇ ಬಸ್ಸು ಹತ್ತುವತನಕ ನನಗೆ ನಾನೇ ಉಗಿದುಕೊಂಡೆ.

ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆಗಳು. ತಾವು ಇಟ್ಟುಕೊಂಡಿರುವ ನಮ್ಮ ಅಷ್ಟೂ ರವಿವಾರಗಳನ್ನು ಕೇಳುವಷ್ಟು ಆಸೆಬುರುಕಿ ನಾನಲ್ಲ. ಪಂಚಮಿಯ ನಂತರ ಬರಬೇಕಾಗಿದ್ದ ಒಂದನ್ನು ಮಾತ್ರ, ಅದರಲ್ಲೂ ಸಂಜೆ ನಾಲ್ಕರಿಂದ ಆರರ ಎರಡು ತಾಸನ್ನು ಮಾತ್ರ, ಆಕೆ ಫೋನು ಕೈಯಲ್ಲಿ ಹಿಡಿದಿದ್ದ ಹಾಗೆಯೇ ವಾಪಸು ಕೊಡಿಸಬೇಕು. ಅದಾಗದಿದ್ದರೆ ಗೆಳೆತನದ ಖಾತೆಯಿಂದ ತಾವು ವರ್ಗಾವಣೆ ತೆಗೆದುಕೊಳ್ಳಬೇಕು. ತಮ್ಮ ಪ್ರತಿಭೆಗೆ ತಕ್ಕ ಜಾಗಗಳು ನಾಡಿನಲ್ಲಿ ಬೇಕಾದಷ್ಟಿವೆ. ಹಲ್ಲು ಕೀಳಿಸುವುದು, ಸೋದರತ್ತೆಯರ ಆಗಮನ, ಹತ್ತನೇ ಇಯತ್ತೆಯ ಗಣಿತದ ಪರೀಕ್ಷೆ ಇವೆಲ್ಲ ಪಾಪ ಹೇಳಿದ ದಿನವೇ ನಡೆದುಹೋಗುತ್ತಿವೆ, ಅಲ್ಲಿ ತಾವು ಹೋಗಿ ಕೂತರೆ ಜನ ಹೂವಿನ ಹಾರ ಹಾಕಿಯಾರು. ಇದಕ್ಕೂ ತಾವು ಒಪ್ಪದಿದ್ದರೆ ಕೊನೆಯ ಬೇಡಿಕೆ: ಇದೇ ನಾಡಿದ್ದಿನ ರವಿವಾರ, ಹುದ್ದೆಗೆ ಕಳಂಕ ತಂದುಕೊಂಡಾದರೂ ಒಮ್ಮೆ ಖುದ್ದಾಗಿ ಬನ್ನಿ. ಆಕೆಯನ್ನು ಕರೆದುಕೊಂಡು ಬನ್ನಿ. ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ಏಕೆಂದರೆ ಬೇರೆ ಯಾರನ್ನು ಕೇಳಬೇಕೋ ತಿಳಿಯದಾಗಿದೆ.

ಈ ಪತ್ರಕ್ಕೆ ಉತ್ತರವನ್ನು ತಾವು ಯಾವಾಗ ಕೊಡುವಿರೆಂದು ಕೇಳುವ ಅಧಿಕಪ್ರಸಂಗ ನಾನು ಮಾಡಲಾರೆ.

ಎರಡು ವರ್ಷ ನಂಬಿದ್ದಕ್ಕೆ ಮಾತ್ರ ಹೀಗೆ ಸಹಿ ಮಾಡುವ,
ತಮ್ಮ ವಿಶ್ವಾಸಿ,
ಸೌಂದರ್ಯಾ
ನವನಗರ, ಶುಕ್ರವಾರ ಸಂಜೆ

ತಾ.ಕ.: ಇದನ್ನು ಟಪಾಲಿಗೆ ಹಾಕುವ ಮೊದಲೇ ಶನಿವಾರ ಬೆಳಿಗ್ಗೆ ತಸ್ಲೀಮಾಳ ಫೋನು ಬಂತು. "ರವಿವಾರ ಆಗೂದಿಲ್ಲ" ಎಂದಳು. ನಾನು ಎಂದಿನಂತೆ "ಇರ್ಲಿ ಬಿಡು" ಎನ್ನಲು ಬಾಯಿ ತೆರೆದಿದ್ದೆ. ಆಕೆ ಬಿಡಲಿಲ್ಲ. "ಅಲ್ಲೀತನಕಾ ನನಗ ತಡಿಯಾಕ ಆಗೂದಿಲ್ಲ. ಬುಧವಾರದಿಂದ ಸಿಟ್ಟ ಇಳಿವಲ್ದು. ಎರಡು ವರ್ಷ ಒಂದು ಡಬ್ಬಿ ಸಲುವಾಗಿ ಬರಲಿಲ್ಲಂತ ನನ್ನ ಮುಂದ ಕುಂತು ಹೇಳತಿ ನೀ, ನಾಚಿಗಿಲ್ಲದಾಕಿ. ಬಸ್ಸನ್ಯಾಗ ಅದೇನಿ, ಉಣಕಲ್ ದಾಟೇನಿ, ನಿನ್ನ ಜೋಡಿ ಜಗಳಾ ಮಾಡೂದೈತಿ, ಬಾಗಲಾ ತಗದ ಇಡು" ಎಂದಳು. ಹೇಳುತ್ತ ಹೇಳುತ್ತ ಆಕೆಯ ದನಿ ಒಡೆಯಿತು, ಬಸ್ಸಿನ ಜನರ ಮುಂದೆಯೇ ಅಳುವುದು ಕೇಳಿಸಿತು. ಮನೆಯಲ್ಲಿ ಕಸ ಹೊಡೆದಿಲ್ಲ, ಹಾಲು ಇಲ್ಲ, ನನ್ನ ತಲೆ ಬಾಚಿಲ್ಲ. ಲಗೂ ಬಾ ಎಂದಿದ್ದೇನೆ. ನಾಳೆ ತಾವು ಅಪ್ಪಿತಪ್ಪಿ ಬಂದರೂ ದಯವಿಟ್ಟು ಬಾಗಿಲು ಬಡಿಯಬೇಡಿ, ನಮ್ಮ ಜಗಳ ಇನ್ನೂ ಮುಗಿದಿರುವುದಿಲ್ಲ.